ಬುಕ್ ಬೈಂಡಿಂಗ್ ಅಂಗಡಿಯವರು ತಂದಿರೋ ಸ್ವಂತ ಸ್ಟ್ಯಾಂಪು, ಶೀಟ್ ಹೇಗಿದೆ?

ಸಣ್ಣ ಬಿಸಿನೆಸ್‌ನವರು ಪ್ರಚಾರಕ್ಕೆ ಅಂತ ತಮ್ಮದೇ ಸ್ಟ್ಯಾಂಪ್ ಪ್ರಿಂಟ್ ಮಾಡಿಸೋದು ಹೊಸದಲ್ಲ, ಆದ್ರೆ ಅದರಲ್ಲಿ ಮುಕ್ಕಾಲು ಪಾಲು ಬರೀ ಸ್ಟಿಕ್ಕರ್‌ಗಳು, ಸುತ್ತ ಹಲ್ಲು ಹಲ್ಲಾಗಿ ಕತ್ತರಿಸಿ ನಡುವೆ ಲೋಗೋ ಹಾಕಿಬಿಟ್ರೆ ಆಯ್ತು ಅನ್ಕೊಂಡಿರ್ತಾರೆ. ಈ ಶೀಟ್ ಹಾಗಿಲ್ಲ, ಅದಕ್ಕೇ ಬರೀತಿದೀನಿ. ಹಳೇ ಪುಸ್ತಕ ರಿಪೇರಿ ಮಾಡಿ ಬೈಂಡ್ ಹಾಕಿಕೊಡೋ ಒಂದು ಪುಟ್ಟ ಅಂಗಡಿಯವರು ತಂದಿರೋದು ಇದು. ರೆಡಿಯಾದ ಪುಸ್ತಕಾನ ಅವರೇ ಸೈಕಲ್ ಮೇಲೆ ಗಿರಾಕಿ ಮನೆಗೆ ತಲುಪಿಸ್ತಾರೆ, ಆ ತಲುಪಿಸೋ ಚಾರ್ಜಿಗೆ ಈ ಸ್ಟ್ಯಾಂಪು, ಪೊಟ್ಟಣದ ಮೇಲೆ ಅಂಟಿಸಿ ತಾರೀಖಿನ ಮುದ್ರೆ ಒತ್ತಿ ಕಳಿಸ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ, ಸ್ಟ್ಯಾಂಪ್ ಏನಾದ್ರೂ ಹೊತ್ತುಕೊಂಡು ಹೋಗಿದ್ಯಾ ಇಲ್ವಾ ಅನ್ನೋದು. ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟದ ಮೇಲಿನ ರಿಗಿ ಕಾಲ್ಟ್‌ಬಾಡ್ ಹೋಟೆಲ್‌ನವರು 1864ರಲ್ಲೇ ತಮ್ಮ ಸ್ಟ್ಯಾಂಪ್ ತಂದಿದ್ರು, ಅತಿಥಿಗಳು ಬರೆದ ಕಾಗದಾನ ಬೆಟ್ಟದಿಂದ ಇಳಿಸಿ ಪೋಸ್ಟ್ ಆಫೀಸಿಗೆ ಮುಟ್ಟಿಸೋ ಖರ್ಚಿಗೆ ಅಂತ. ನೋಡಿ ನೋಡಿ ಬೇರೆ ಹೋಟೆಲ್‌ನವರೂ ಶುರು ಮಾಡಿದ್ರು, 1883ರಲ್ಲಿ ಸ್ವಿಸ್ ಅಂಚೆಯವರು ಸಾಕು ನಿಲ್ಲಿಸಿ ಅಂದ್ರು. ಆ ಸ್ಟ್ಯಾಂಪ್‌ಗಳು ಹೋಟೆಲ್‌ಗೆ ಜಾಹೀರಾತೂ ಆದ್ವು, ಕೆಲಸಾನೂ ಮಾಡಿದ್ವು. ಬ್ರಿಟನ್ ಕರಾವಳಿಯ ಬ್ರಿಸ್ಟಲ್ ಚಾನೆಲ್ ಅನ್ನೋ ಕೊಲ್ಲಿಯಲ್ಲಿರೋ ಲಂಡಿ ದ್ವೀಪದ್ದೂ ಇದೇ ಥರ, ಬ್ರಿಟಿಷ್ ಅಂಚೆ ಇಲಾಖೆ ಅಲ್ಲಿನ ಆಫೀಸ್ ಮುಚ್ಚಿದ ಮೇಲೆ ದ್ವೀಪದ ಮಾಲೀಕ ಮಾರ್ಟಿನ್ ಕೋಲ್ಸ್ ಹಾರ್ಮನ್ 1929ರಲ್ಲಿ ಪಫಿನ್ ಹಕ್ಕಿ ಚಿತ್ರ ಹಾಕಿ ಸ್ಟ್ಯಾಂಪ್ ತಂದ್ರು, ಬೆಲೆನೂ ಪಫಿನ್ ಲೆಕ್ಕದಲ್ಲೇ, ಒಂದು ಪಫಿನ್ ಅಂದ್ರೆ ಒಂದು ಪೆನ್ನಿ. ಅದೇ ವರ್ಷ ನಾಣ್ಯನೂ ಟಂಕಿಸಿದ್ದಕ್ಕೆ ಅವರ ಮೇಲೆ ಕೇಸಾಗಿ ದಂಡ ಬಿತ್ತು, ಸ್ಟ್ಯಾಂಪ್ ಮಾತ್ರ ಉಳ್ಕೊಂಡು ಮುಂದುವರೀತು.

ಇದಕ್ಕೆ ಉಲ್ಟಾ ಉದಾಹರಣೆನೂ ಇದೆ. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿ ಒಂದು ಮನೆನೂ ಇಲ್ಲ, ಆದ್ರೂ ಅದರ ಹೆಸರಲ್ಲಿ ರಾಶಿ ರಾಶಿ ಸ್ಟ್ಯಾಂಪ್ ಪ್ರಿಂಟಾಗಿ ಕಲೆಕ್ಟರ್‌ಗಳಿಗೆ ಮಾರಾಟ ಆಯ್ತು. ಅಂಥವನ್ನ ಆಲ್ಬಮ್‌ಗೆ ಹಾಕೋಕೆ ನನಗೆ ಮನಸ್ಸೇ ಬರಲ್ಲ.

ಈಗ ಶೀಟಿನ ವಿಷಯ. ನಾಲ್ಕು ಡಿಸೈನ್, ದಬ್ಬಣ, ದಾರದ ಉಂಡೆ, ಅಂಟಿನ ಬ್ರಷ್, ಪುಸ್ತಕ ಒತ್ತೋ ಪ್ರೆಸ್. ಎಲ್ಲಾ ಒಂದೇ ಬಣ್ಣದಲ್ಲಿ, ಕಡು ಕಂದು, ಗೆರೆ ಚಿತ್ರ. ದಬ್ಬಣದ್ದಂತೂ ಬಹಳ ಚೆನ್ನಾಗಿದೆ, ಮರದ ಹಿಡಿ ಸವೆದಿರೋದು ಕೂಡ ಕಾಣತ್ತೆ ಅಷ್ಟು ಚಿಕ್ಕ ಜಾಗದಲ್ಲಿ. ಅಂಗಡಿ ಹೆಸರು ಕೆಳಗೆ ಸಣ್ಣಕ್ಷರದಲ್ಲಿದೆ, ಫೋನ್ ನಂಬರು, ಆಫರ್ರು, ಕ್ಯೂಆರ್ ಕೋಡು ಇದ್ಯಾವುದನ್ನೂ ತುರುಕಿಲ್ಲ, ಅದಕ್ಕೆ ದೊಡ್ಡ ಥ್ಯಾಂಕ್ಸ್. ಚಿತ್ರ ಚೆನ್ನಾಗಿದ್ರೆ ನೋಡಿದೋರೇ ಹೆಸರು ಓದ್ತಾರೆ. ದೇಶದ ಹೆಸರೂ ಇಲ್ಲ, ಸರ್ಕಾರಿ ಸ್ಟ್ಯಾಂಪಿನ ಥರ ಕಾಣಿಸೋ ಲಾಂಛನನೂ ಇಲ್ಲ, ಬೆಲೆ ಜಾಗದಲ್ಲಿ "ಒಂದು ಪುಸ್ತಕ" ಅಂತಿದೆ, ಅಂದ್ರೆ ಒಂದು ಪುಸ್ತಕ ತಲುಪಿಸೋಕೆ ಒಂದು ಸ್ಟ್ಯಾಂಪ್. ಯಾರಿಗೂ ಮೋಸ ಆಗೋ ಥರ ಇಲ್ಲ.

ಹಲ್ಲುಗಳು ಮಾತ್ರ ಸ್ವಲ್ಪ ಬೇಜಾರು. ಪರ್ಫೊರೇಶನ್, ಅಂದ್ರೆ ಸುತ್ತಲಿನ ತೂತುಗಳ ಅಳತೆ ಅಂದ್ರೆ 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರ್ತವೆ ಅನ್ನೋ ಲೆಕ್ಕ, ಇಲ್ಲಿ ತೂತುಗಳು ದೂರ ದೂರ, ಪೇಪರ್ ಬೇರೆ ದಪ್ಪ, ಹಾಗಾಗಿ ಮಡಚದೇ ಹಾಗೇ ಎಳೆದ್ರೆ ಮೂಲೆ ಕಿತ್ಕೊಂಡು ಬರತ್ತೆ. ಮೊದಲು ಹಿಂದೆ ಮುಂದೆ ಎರಡು ಸಲ ಮಡಚಿ ಆಮೇಲೆ ನಿಧಾನಕ್ಕೆ ಬಿಡಿಸಿ. ಅಂಟು ಒದ್ದೆ ಮಾಡಿ ಹಚ್ಚೋ ಹಳೇ ನಮೂನೆದು, ಸೆಲ್ಫ್ ಅಡ್ಹೆಸಿವ್ ಅಲ್ಲ, ನನಗೆ ಇದು ತುಂಬಾ ಇಷ್ಟ ಆಯ್ತು ಯಾಕಂದ್ರೆ ನೀರಲ್ಲಿ ನೆನೆಸಿದ್ರೆ ಪೇಪರ್‌ನಿಂದ ನೀಟಾಗಿ ಬಿಟ್ಕೊಳತ್ತೆ, ಸ್ಟಿಕ್ಕರ್ ಥರದ್ದಾದ್ರೆ ಎಷ್ಟೋ ಸಲ ಸುತ್ತ ಇರೋ ಕವರ್ ಸಮೇತ ಕತ್ತರಿಸಿ ಇಟ್ಕೋಬೇಕು. ಆದ್ರೆ ಮುದ್ರೆಯ ಇಂಕು ನೀರಿಗೆ ಹರಡತ್ತೆ, ಮುದ್ರೆ ಬಿದ್ದಿರೋದನ್ನ ನೆನೆಸಬೇಡಿ.

ದೊಡ್ಡ ಕೊರತೆ ಅಂದ್ರೆ ಎಲ್ಲೂ ಇಸವಿ ಇಲ್ಲ, ಎಷ್ಟು ಶೀಟ್ ಪ್ರಿಂಟ್ ಆಯ್ತು ಅನ್ನೋದೂ ಇಲ್ಲ. ಅಂಚೆ ಇಲಾಖೆ ಸ್ಟ್ಯಾಂಪಿಗಾದ್ರೆ ಕ್ಯಾಟಲಾಗ್ ಇರತ್ತೆ, ಇಂಥ ಅಂಗಡಿ ಸ್ಟ್ಯಾಂಪಿಗೆ ಶೀಟಿನ ಅಂಚಲ್ಲಿ ಬರೆದಿರೋದೇ ದಾಖಲೆ, ಇಪ್ಪತ್ತು ವರ್ಷ ಆದ್ಮೇಲೆ ಯಾರಾದ್ರೂ ಕೈಯಲ್ಲಿ ಹಿಡ್ಕೊಂಡು ಇದು ಯಾವಾಗಿಂದು ಅಂತ ಕೇಳಿದ್ರೆ ಹೇಳೋರು ಯಾರೂ ಇರಲ್ಲ.

ಇನ್ನೊಂದು ಮಾತು, ಇದನ್ನ ಮಾಮೂಲಿ ಟಪಾಲಿನ ಕವರ್ ಮೇಲೂ ಅಂದಕ್ಕೆ ಹಚ್ಚಬೇಕು ಅನ್ನಿಸಿದ್ರೆ ಎಡಗಡೆ ಕೆಳಗೆ ಇಲ್ಲಾ ಹಿಂಭಾಗದಲ್ಲಿ ಹಚ್ಚಿ, ಬಲ ಮೇಲ್ಮೂಲೆ ಅಸಲಿ ಸ್ಟ್ಯಾಂಪಿನ ಜಾಗ. ಅಂಚೆಯವರಿಗೆ ಇದರಿಂದ ಒಂದು ಕಾಸೂ ಹೋಗಿರಲ್ಲ, ಅಸಲಿ ಸ್ಟ್ಯಾಂಪ್ ಹಚ್ಚದೇ ಇದೊಂದನ್ನೇ ಹಚ್ಚಿ ಡಬ್ಬಿಗೆ ಹಾಕಿದ್ರೆ ಕಾಗದ ತಗೊಳೋರ ತಲೆ ಮೇಲೆ ದಂಡ ಬೀಳಬಹುದು.

ಪುಸ್ತಕ ರಿಪೇರಿಗೆ ಕೊಡದಿದ್ರೂ ಅಂಗಡಿಯವರು ಫುಲ್ ಶೀಟ್ ಮಾರ್ತಾರೆ, ಕೇಳಿದ್ರೆ ಅಲ್ಲೇ ಮುದ್ರೆ ಒತ್ತಿನೂ ಕೊಡ್ತಾರೆ. ನಾನು ಹೇಳೋದು ಏನಂದ್ರೆ ಹಾಗೆ ತಗೋಬೇಡಿ, ಮನೇಲಿ ಹೊಲಿಗೆ ಬಿಟ್ಟಿರೋ ಪುಸ್ತಕ ಒಂದಾದ್ರೂ ಇದ್ದೇ ಇರತ್ತೆ, ಅದನ್ನ ರಿಪೇರಿಗೆ ಕೊಡಿ, ಸ್ಟ್ಯಾಂಪ್ ಅಂಟಿಸಿರೋ ಪೊಟ್ಟಣ ಮನೆ ಬಾಗಿಲಿಗೆ ಬಂದಾಗ ಮೇಲಿನ ಕಾಗದಾನ ಹರಿಯದೇ ಬಿಚ್ಚಿ ಹಾಗೇ ಎತ್ತಿಡಿ. ಅಂಗಡಿಯವರು ಇದನ್ನ ಓದ್ತಿದ್ರೆ, ಮುಂದಿನ ಪ್ರಿಂಟಿನಲ್ಲಿ ದಯವಿಟ್ಟು ಅಂಚಲ್ಲಿ ಇಸವಿ ಹಾಕ್ಸಿ, ತೂತುಗಳನ್ನ ಇನ್ನೊಂಚೂರು ಹತ್ತಿರ ಮಾಡ್ಸಿ.