ಯಾದವಗಿರಿಯ ದನಿ: ಮೈಸೂರು ಆಕಾಶವಾಣಿ, ಎಫ್‌ಎಂ 100.6

ಮೈಸೂರಿನಲ್ಲಿ ರೇಡಿಯೊದ ಮುಳ್ಳನ್ನು 100.6ಕ್ಕೆ ತಂದು ನಿಲ್ಲಿಸಿದಾಗ ಕೇಳಿಬರುವ, ಯಾದವಗಿರಿ ಬಡಾವಣೆಯಲ್ಲಿರುವ ನಿಲಯದ ಗುಣದೋಷಗಳನ್ನು ಹೇಳಹೊರಟವರು ಅದರ ಹುಟ್ಟಿನಿಂದಲೇ ಆರಂಭಿಸಬೇಕು. ಏಕೆಂದರೆ ಈ ನಿಲಯವನ್ನು ಕಟ್ಟಿದವರು ಒಬ್ಬ ಮೇಷ್ಟ್ರು, ಮತ್ತು ಪಾಠದ ಕೋಣೆಯ ಆ ಶಿಸ್ತು ಅದರ ದನಿಯಿಂದ ಇಂದಿಗೂ ಮರೆಯಾಗಿಲ್ಲ.

ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರವನ್ನು ಆರಂಭಿಸಿದರು. ಕೈಯಲ್ಲಿದ್ದದ್ದು 30 ವ್ಯಾಟಿನ ಪ್ರೇಷಕ. ಇಂದಿನ ಮನೆಗಳಲ್ಲಿ ಒಂದು ದೊಡ್ಡ ಎಲ್‌ಇಡಿ ದೀಪಕ್ಕೆ ಬೇಕಾಗುವಷ್ಟೇ ಶಕ್ತಿ. ಹಲವು ವರ್ಷ ಸ್ವಂತ ಖರ್ಚಿನಲ್ಲಿ ನಡೆಸಿದ ಆ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು, ಮತ್ತು 1950ರ ದಶಕದಲ್ಲಿ ಇಡೀ ದೇಶದ ಸರ್ಕಾರಿ ಬಾನುಲಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ನಡುವೆ ಸಂಸ್ಥಾನದ ಆಡಳಿತದ ಕೈಗೆ ಹೋಗಿದ್ದ ನಿಲಯ 1950ರಲ್ಲಿ ಕೇಂದ್ರಕ್ಕೆ ಸೇರಿ, 1955ರಲ್ಲಿ ಬೆಂಗಳೂರಿಗೆ ಹೊರಟುಹೋಯಿತು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರೂ ಅದೇ ಕಾಲದಲ್ಲಿ ಬೆಂಗಳೂರು ನಿಲಯದ ಸಂಗೀತ ವಿಭಾಗಕ್ಕೆ ಹೋದರು. ಹೆಸರು ಕೊಟ್ಟ ಊರು ಸ್ವಂತ ನಿಲಯವನ್ನು ಮತ್ತೆ ಪಡೆದದ್ದು 1974ರಲ್ಲಿ. ಆ ಹತ್ತೊಂಬತ್ತು ವರ್ಷಗಳ ಮೌನದ ಬಗ್ಗೆ ಮೈಸೂರಿನ ಹಿರಿಯರಿಗೆ ಈಗಲೂ ಸಣ್ಣದೊಂದು ಮುನಿಸಿದೆ, ಮತ್ತು ಆ ಮುನಿಸು ನ್ಯಾಯವಾದದ್ದೇ.

ಕಾರ್ಯಕ್ರಮಗಳ ವಿಷಯಕ್ಕೆ ಬಂದರೆ, ನಾನು ಮೊದಲ ಅಂಕ ಕೊಡುವುದು ಹಾಡಿಗಿಂತ ಹಾಡಿನ ಮುಂಚಿನ ಮಾತಿಗೆ. ಹಳೆಯ ಚಿತ್ರಗೀತೆಯೊಂದನ್ನು ಹಾಕುವ ಮೊದಲು ಉದ್ಘೋಷಕರು ಚಿತ್ರದ ಹೆಸರು, ಸಾಹಿತ್ಯ ಬರೆದವರು, ಸಂಗೀತ ಸಂಯೋಜಿಸಿದವರು, ಹಾಡಿದವರು ಇವಿಷ್ಟನ್ನೂ ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಕರ್ನಾಟಕ ಸಂಗೀತವಾದರೆ ರಾಗ, ತಾಳ, ವಾಗ್ಗೇಯಕಾರರ ಜೊತೆಗೆ ಪಿಟೀಲು ಮತ್ತು ಮೃದಂಗದವರ ಹೆಸರೂ ಬರುತ್ತದೆ. ಹೀಗೆ ಕೇಳುತ್ತ ಬೆಳೆದವರಿಗೆ ಯಾರೂ ಕಲಿಸದೆಯೇ ರಾಗಗಳ ಗುರುತು ಹತ್ತುತ್ತದೆ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ಹಿಂದೋಳವನ್ನು ಮೊದಲು ಗುರುತಿಸಿದ್ದು ಒಗ್ಗರಣೆ ಹಾಕುತ್ತಿದ್ದ ನಮ್ಮ ಅತ್ತೆ, ಸಂಗೀತದ ಪಾಠಕ್ಕೆ ಹೋಗುತ್ತಿದ್ದ ನಾನಲ್ಲ. ಪಲ್ಲವಿ ಮುಗಿಯುವ ಮುಂಚೆಯೇ ನಿರೂಪಕರ ಹರಟೆ ಹಾಡಿನ ಮೇಲೇರುವ ವಾಣಿಜ್ಯ ವಾಹಿನಿಗಳಲ್ಲಿ ಈ ಕಲಿಕೆ ಸಾಧ್ಯವಿಲ್ಲ.

ಬೆಳಗಿನ ಪ್ರಸಾರಕ್ಕೆ ಮುನ್ನ ಬರುವ ಶಿವರಂಜನಿಯ ಛಾಯೆಯ ಆ ಸಂಕೇತ ಸಂಗೀತವನ್ನು 1930ರ ದಶಕದಲ್ಲಿ ರಚಿಸಿದವರು, ಯುರೋಪಿನಿಂದ ಆಶ್ರಯ ಬೇಡಿ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬುದು ಕೇಳುಗರಲ್ಲಿ ಅನೇಕರಿಗೆ ತಿಳಿದಿರಲಾರದು.

ಕೃಷಿಯ ಕಾರ್ಯಕ್ರಮಗಳು ನನ್ನ ಅಳತೆಗೆ ಮೀರಿದವು; ಮಂಡ್ಯದ ಕಡೆ ಕಬ್ಬು ಬೆಳೆಯುವ ನಮ್ಮ ನೆಂಟರು ಅವನ್ನು ತಪ್ಪಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ. ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆ ಮಾತ್ರ ಬೇರೆಯದೇ ದರ್ಜೆಯದು. ಕಣ್ಣಿಗೆ ಎಲ್ಲವನ್ನೂ ತೋರಿಸುವ ಟಿವಿ ಇರುವಾಗಲೂ, ಆನೆಯ ನಡೆ, ಅಂಬಾರಿಯ ಹೊಳಪು, ಜನರ ಗದ್ದಲ ಎಲ್ಲವನ್ನೂ ಮಾತಿನಲ್ಲೇ ಕಟ್ಟಬೇಕಾದ ಹೊಣೆ ವಿವರಣೆಕಾರರನ್ನು ಒಳ್ಳೆಯ ಕನ್ನಡಕ್ಕೆ ನೂಕುತ್ತದೆ.

ನನ್ನದೊಂದು ಕೋರಿಕೆಯಿದೆ. ಮೈಸೂರು ಬಾನಿಯ, ಅಂದರೆ ಮೈಸೂರಿನದೇ ಶೈಲಿಯ, ವೀಣೆಯ ಹಳೆಯ ಧ್ವನಿಮುದ್ರಿಕೆಗಳಿಗೆ ವಾರದಲ್ಲಿ ಒಂದು ಪೂರ್ಣ ಗಂಟೆ, ಅದೂ ಕೆಲಸಕ್ಕೆ ಹೋಗುವವರು ಮನೆಗೆ ಮರಳಿದ ಮೇಲೆ, ಮೀಸಲಾಗಬೇಕು.

ಊರು ಬಿಟ್ಟವರು 'ನ್ಯೂಸ್ ಆನ್ ಏರ್' ಆ್ಯಪಿನಲ್ಲಿ ಈ ನಿಲಯವನ್ನು ಕೇಳಬಹುದು. ಆದರೆ ಅಂತರ್ಜಾಲದ ಪ್ರಸಾರ ರೇಡಿಯೊಗಿಂತ ತುಸು ತಡವಾಗಿ ಬರುವುದರಿಂದ, ವಾರ್ತೆಗೆ ಮುನ್ನ ಕೇಳುವ ಆ ಬೀಪ್ ಸದ್ದಿಗೆ ಗಡಿಯಾರವನ್ನು ಸರಿಪಡಿಸಿಕೊಳ್ಳುವ ಹಳೆಯ ಅಭ್ಯಾಸವಿರುವವರು ಅದಕ್ಕೆ ಹಳೆಯ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.