ಕಪ್ಪು ಬ್ರೋಚ್ ಇಷ್ಟವಾಯಿತು, ಜೊತೆಗೆ ಕೊಟ್ಟ ಬಟ್ಟೆ ಬೇಡಿತ್ತು

ಕ್ಯೋಟೊದ ಶಿನ್ಮೊಂಜೆನ್ ಬೀದಿಯಲ್ಲಿ ಹಳೇ ಸಾಮಾನಿನ ಅಂಗಡಿಗಳು ಜಾಸ್ತಿ. ಅಲ್ಲಿನ ಒಂದು ಪುಟ್ಟ ಅಂಗಡಿಯಲ್ಲಿ 38,000 ಯೆನ್ ಕೊಟ್ಟು ಶಾಕುದೊ ಅನ್ನೋ ಜಪಾನಿ ಮಿಶ್ರಲೋಹದ ಬ್ರೋಚ್ ಕೊಂಡೆ. ಕಪ್ಪು ನೆಲ, ಬಿದಿರಿನ ಕೊಂಬೆ, ಎರಡು ಗುಬ್ಬಿ. ಗುಬ್ಬಿಯ ಬೆನ್ನು ತಾಮ್ರ, ಹೊಟ್ಟೆ ಬೆಳ್ಳಿ, ಕಣ್ಣು ಚಿನ್ನದ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದರೂ ಲೋಹ ಲೋಹಕ್ಕೆ ಸೇರಿದ ಕಡೆ ಸಂದು ಕಾಣಲಿಲ್ಲ.

ಆ ಕಪ್ಪು ಬಳಿದ ಬಣ್ಣವಲ್ಲ. ತಾಮ್ರಕ್ಕೆ ನೂರಕ್ಕೆ ನಾಲ್ಕೈದು ಪಾಲು ಚಿನ್ನ ಬೆರೆಸಿದರೆ ಶಾಕುದೊ. ಆಗಿನ್ನೂ ನೋಡೋಕೆ ಮಾಮೂಲಿ ತಾಮ್ರದ ಹಾಗೇ ಇರುತ್ತದೆ. ಚೆನ್ನಾಗಿ ಉಜ್ಜಿ, ತುರಿದ ಮೂಲಂಗಿ ಸವರಿ, ರೊಕುಶೊ ಅನ್ನೋ ತಾಮ್ರದ ಉಪ್ಪು ಹಾಕಿದ ನೀರಲ್ಲಿ ಕುದಿಸಿದಾಗ ಮೈ ಕಪ್ಪಾಗುತ್ತದೆ, ಬೆಳಕಿಗೆ ಹಿಡಿದರೆ ಒಳಗಿಂದ ನೀಲಿ ಇಣುಕುತ್ತದೆ. ಅದೇ ಪಾತ್ರೆಯಲ್ಲಿ ಬರೀ ತಾಮ್ರ ಕೆಂಪಾಗುತ್ತದೆ, ಕಾಲು ಪಾಲು ಬೆಳ್ಳಿ ಸೇರಿದ ಶಿಬುಇಚಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಚಿನ್ನ ಮಾತ್ರ ತನ್ನ ಪಾಡಿಗೆ ತಾನು. ಕುಂಚವಿಲ್ಲದೆ ಚಿತ್ರ ಬಿಡಿಸಿದ ಹಾಗೆ ಅಲ್ವಾ!

ಇದೆಲ್ಲ ಮೊದಲು ಕತ್ತಿಯ ಹಿಡಿ, ಹಿಡಿಗೂ ಅಲಗಿಗೂ ನಡುವೆ ಕೈ ಕಾಯುವ ತ್ಸುಬಾ ಅನ್ನೋ ಬಿಲ್ಲೆ ಅಲಂಕರಿಸೋಕೆ ಇದ್ದ ಕೆಲಸ. 1876ರಲ್ಲಿ, ಮೇಜಿ ಚಕ್ರವರ್ತಿಯ ಕಾಲದಲ್ಲಿ, ಜಪಾನ್ ಸರ್ಕಾರ ಸಮುರಾಯಿಗಳು ಕತ್ತಿ ಕಟ್ಟಿಕೊಂಡು ಓಡಾಡೋದನ್ನೇ ನಿಲ್ಲಿಸಿತು. ಕೈಯಲ್ಲಿ ಕಸುಬಿದೆ, ಕೊಳ್ಳುವವರಿಲ್ಲ. ಹೀಗಾಗಿ ಎಷ್ಟೋ ಕುಶಲಕರ್ಮಿಗಳು ಹೊರದೇಶದ ಗಿರಾಕಿಗಳಿಗೆ ಹೂದಾನಿ, ಗುಂಡಿ, ಬ್ರೋಚ್ ಮಾಡೋಕೆ ಶುರು ಮಾಡಿದರು.

ಇನ್ನು ತಕರಾರು. ಹಿಂದಿನ ಪಿನ್ನಿಗೆ ಬರೀ ಕೊಕ್ಕೆ ಇದೆ, ಬೀಗವಿಲ್ಲ. ಹಳೇದರ ಲಕ್ಷಣ ಅನ್ನೋದು ನಿಜ, ಆದರೆ ದಪ್ಪ ಶಾಲಿಗೆ ಚುಚ್ಚಿದರೆ ಜಾರುತ್ತದೆ. ಅಂಗಡಿಯ ಟ್ರೇಯಲ್ಲಿದ್ದದ್ದಕ್ಕೆಲ್ಲ ‘ಮೇಜಿ ಶಾಕುದೊ’ ಅಂತ ಒಂದೇ ಚೀಟಿ. ಅದರಲ್ಲಿ ಒಂದರ ಅಂಚು ಸವೆದು ಹಳದಿ ಹಿತ್ತಾಳೆ ಕಾಣುತ್ತಿತ್ತು, ಅಂದರೆ ಅದು ಶಾಕುದೊ ಅಲ್ಲ. ತೋರಿಸಿದೆ. ಅಂಗಡಿಯ ಅಜ್ಜಿ ನಕ್ಕು, ಸುಮ್ನೆ ಅದನ್ನೆತ್ತಿ ಬೇರೆ ಟ್ರೇಗೆ ಹಾಕಿದರು. ಕೊಳ್ಳುವವರು ಮೊದಲು ಅಂಚು ನೋಡಿ, ಬೆನ್ನು ನೋಡಿ, ಆಮೇಲೆ ಗುಬ್ಬಿ ನೋಡಿ.

ದೊಡ್ಡ ತಮಾಷೆ ಮನೆಗೆ ಬಂದ ಮೇಲೆ. ಚೀಲದಲ್ಲಿ ಬೆಳ್ಳಿಗೆ ಹೊಳಪು ಕೊಡುವ ಬಟ್ಟೆಯೊಂದನ್ನು ಉಚಿತವಾಗಿ ಇಟ್ಟಿದ್ದರು! ಶಾಕುದೊದ ಕಪ್ಪು ತೀರಾ ತೆಳು ಪದರ, ಆ ಬಟ್ಟೆಯಲ್ಲಿ ನಾಲ್ಕು ಸಲ ತಿಕ್ಕಿದರೆ ಕೆಳಗಿನ ತಾಮ್ರ ಹೊರಗೆ ಬರುತ್ತದೆ. ಮತ್ತೆ ಕಪ್ಪಾಗಿಸೋಕೆ ಮೂಲಂಗಿ, ರೊಕುಶೊ ಹಿಡಿದು ಯಾರನ್ನು ಹುಡುಕೋದು? ಬ್ರೋಚನ್ನು ಒಣ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಇಡುತ್ತೇನೆ, ಅಷ್ಟೇ. ಅವರು ಕೊಟ್ಟ ಬಟ್ಟೆ ಬೆಳ್ಳಿ ಚಮಚಗಳ ಪಾಲಾಯಿತು.