ಹಳೆಯ ಸೈಕಲ್ ಭಾಗಗಳಿಗೆ ಅಲ್ಯೂಮಿನಿಯಂ ಪಾಲಿಶ್ ಪೇಸ್ಟ್: ಹಲವು ವರ್ಷ ಬಳಸಿದ ಮೇಲೆ

ಟ್ಯೂಬಿನಲ್ಲಿ ಬರುವ ಈ ಪಾಲಿಶ್ ಪೇಸ್ಟನ್ನು ನಾನು ಹಲವು ವರ್ಷಗಳಿಂದ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ. ಹಳೆಯ ರೋಡ್ ಸೈಕಲ್‌ಗಳ ಅಲ್ಯೂಮಿನಿಯಂ ಭಾಗಗಳನ್ನು ಮನೆಯಲ್ಲಿಯೇ, ಯಂತ್ರದ ನೆರವಿಲ್ಲದೆ, ಕೈಯಿಂದ ಉಜ್ಜಿ ಹೊಳಪಿಗೆ ತರುವುದು ಆ ಕೆಲಸ. ಟ್ಯೂಬಿನ ಮೇಲೆ ಅಚ್ಚಾಗಿರುವ ವಿವರಗಳನ್ನು ಕೊಳ್ಳುವವರು ಹೇಗೂ ಓದಿರುತ್ತಾರೆ, ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅಲ್ಲಿ ಅಚ್ಚಾಗದೆ ಉಳಿದಿರುವ ಒಂದು ಸಂಗತಿಯ ಬಗ್ಗೆ ನನಗೆ ಅಸಮಾಧಾನವಿದೆ, ಯಾರೂ ಹೇಳದ ಒಂದು ಉಪಯೋಗದ ಬಗ್ಗೆ ಅಷ್ಟೇ ಸಂತೋಷವಿದೆ. ಈ ವಿಮರ್ಶೆ ಹೆಚ್ಚಾಗಿ ಆ ಎರಡರ ಬಗ್ಗೆಯೇ.

ನನ್ನ ಕೈಗೆ ಬರುವುದು ಬಹುಪಾಲು 1970 ಮತ್ತು 1980ರ ದಶಕದ ಭಾಗಗಳು: ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಬ್ರೇಕ್ ಲಿವರ್, ಬ್ರೇಕ್ ಕ್ಯಾಲಿಪರ್ (ರಿಮ್ಮಿಗೆ ಬ್ರೇಕ್ ರಬ್ಬರ್ ಒತ್ತುವ ಇಕ್ಕಳ), ಸ್ಟೆಮ್ (ಹ್ಯಾಂಡಲ್ ಬಾರನ್ನು ಹಿಡಿಯುವ ಭಾಗ), ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ), ಹಬ್ (ಚಕ್ರದ ನಡುವಿನ ಗುಂಬ). ಕ್ಯಾಂಪಗ್ನೋಲೊ ಕಂಪನಿಯ ನ್ಯೂವೊ ರೆಕಾರ್ಡ್, ಶಿಮಾನೊ ಕಂಪನಿಯ 600 ಮೊದಲಾದ ಬಿಡಿಭಾಗಗಳ ಸಾಲುಗಳು ಬಂದ ಆ ಕಾಲದಲ್ಲಿ ಒಳ್ಳೆಯ ಸೈಕಲ್ ಭಾಗವೆಂದರೆ ಬೆಳ್ಳಿಯ ಬಣ್ಣದ್ದೇ ಆಗಿರುತ್ತಿತ್ತು. ಕಪ್ಪು ಬಣ್ಣ ಆಮೇಲೆ ರೂಢಿಗೆ ಬಂತು. ಹಾಗಾಗಿ ಆ ಕಾಲದ ಸೈಕಲ್ಲಿನಲ್ಲಿ ಅಲ್ಯೂಮಿನಿಯಂ ಮಂಕಾಗಿದ್ದರೆ, ಫ್ರೇಮಿನ ಬಣ್ಣ ಎಷ್ಟೇ ಚೆನ್ನಾಗಿ ಉಳಿದಿದ್ದರೂ ಇಡೀ ಸೈಕಲ್ ದಣಿದಂತೆ ಕಾಣುತ್ತದೆ.

ಮೊದಲು ಈ ಪೇಸ್ಟಿನಿಂದ ಆಗುವ ಸುಖದ ಬಗ್ಗೆ ಬರೆಯುತ್ತೇನೆ. ಭಾಗವನ್ನು ಸೈಕಲ್ಲಿನಿಂದ ಬಿಚ್ಚಿ, ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನ ನೀರಿನಲ್ಲಿ ಮತ್ತೊಮ್ಮೆ ತೊಳೆದು, ಪೂರ್ತಿ ಒಣಗಿಸಿಕೊಳ್ಳಬೇಕು. ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಕಡಲೆಕಾಳಿನಷ್ಟು ಪೇಸ್ಟನ್ನು ಬಟ್ಟೆಗೆ ಹಚ್ಚಿ, ಒಂದು ಬಾರಿಗೆ ಎರಡು ಬೆರಳಗಲದ ಜಾಗವನ್ನಷ್ಟೇ ಆರಿಸಿಕೊಂಡು ಉಜ್ಜಬೇಕು. ಬೂದು ಬಣ್ಣದ ಪೇಸ್ಟ್ ಕೆಲವೇ ಸುತ್ತುಗಳಲ್ಲಿ ಗಾಢವಾಗುತ್ತದೆ, ಆಮೇಲೆ ಕಾಡಿಗೆಗಪ್ಪಾಗುತ್ತದೆ. ಅದು ಕೊಳೆಯಲ್ಲ. ಪೇಸ್ಟಿನಲ್ಲಿರುವ ಉಜ್ಜುಪುಡಿ ಲೋಹದ ಮೇಲ್ಮೈಯನ್ನು ಸವೆಸಿದಾಗ ಬಿಡಿಸಿಕೊಂಡು ಬರುವ ಅತಿಸೂಕ್ಷ್ಮ ಅಲ್ಯೂಮಿನಿಯಂ ಕಣಗಳೇ ಎಣ್ಣೆಯಂಶದಲ್ಲಿ ಬೆರೆತು ಹಾಗೆ ಕಪ್ಪಾಗಿ ಕಾಣುತ್ತವೆ. ಬಟ್ಟೆ ಕಪ್ಪಾದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಕಪ್ಪು ಒಣಗುವ ಮೊದಲೇ ಬಟ್ಟೆಯ ಶುಭ್ರ ಭಾಗದಿಂದ ಒರೆಸಿದಾಗ, ಬಿಳಿಚಿಕೊಂಡಿದ್ದ ಲೋಹದಲ್ಲಿ ಕಿಟಕಿಯ ಅಂಚು ಸ್ಪಷ್ಟವಾಗಿ ಮೂಡುವುದನ್ನು ನೋಡುವುದು ನನಗೆ ಈ ಹವ್ಯಾಸದ ಅತ್ಯಂತ ಪ್ರಿಯವಾದ ಗಳಿಗೆ. ಬ್ರೇಕ್ ಲಿವರಿನ ಬಾಗಿದ ಬೆನ್ನಿನ ಮೇಲೆ ಬೆಳಕು ಹರಿಯುವ ಚೆಂದಕ್ಕೆ ಒಂದು ಸಂಜೆಯನ್ನು ಪೂರ್ತಿಯಾಗಿ ಕೊಡಬಹುದು.

ಇನ್ನು ಅಸಮಾಧಾನದ ಮಾತು. ಟ್ಯೂಬಿನ ಮೇಲೆ ಎಲ್ಲ ಬಗೆಯ ಅಲ್ಯೂಮಿನಿಯಂಗೂ ಆಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿದೆ. ಆದರೆ ಆ ಕಾಲದ ಒಳ್ಳೆಯ ಕ್ರ್ಯಾಂಕ್‌ಗಳಲ್ಲಿ ಹೆಚ್ಚಿನವು ಬರಿಯ ಅಲ್ಯೂಮಿನಿಯಂ ಆಗಿರುವುದಿಲ್ಲ, ಅವುಗಳ ಮೇಲೆ ಬಣ್ಣವಿಲ್ಲದ ಆನೊಡೈಸಿಂಗ್, ಅಂದರೆ ಬೇಕೆಂದೇ ಬೆಳೆಸಿದ ಆಕ್ಸೈಡ್ ಪದರ, ಇರುತ್ತದೆ. ಗಾಳಿಗೆ ಒಡ್ಡಿದ ಅಲ್ಯೂಮಿನಿಯಂ ಮೇಲೆ ತಾನಾಗಿ ಬೆಳೆಯುವ ಆಕ್ಸೈಡ್ ಪದರದ ದಪ್ಪ ಕೆಲವೇ ನ್ಯಾನೊಮೀಟರ್. ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ಬೆಳೆಸುವ ಆನೊಡೈಸಿಂಗ್ ಪದರ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್ ಇರುತ್ತದೆ, ಅಂದರೆ ಸಹಜ ಪದರಕ್ಕಿಂತ ಸಾವಿರಾರು ಪಟ್ಟು ದಪ್ಪ, ಕೆಳಗಿರುವ ಲೋಹಕ್ಕಿಂತ ಬಹಳ ಗಟ್ಟಿ. ಕೈಯಿಂದ ಉಜ್ಜುವ ಪೇಸ್ಟ್ ಈ ಪದರವನ್ನು ಹೆಚ್ಚೆಂದರೆ ಶುಚಿಗೊಳಿಸುತ್ತದೆ, ಸವೆಸುವುದಿಲ್ಲ. ಎಷ್ಟು ಹೊತ್ತು ಉಜ್ಜಿದರೂ ಬಟ್ಟೆ ಬೂದಾಗಿಯೇ ಉಳಿಯುತ್ತದೆ, ಹಾಲು ಚೆಲ್ಲಿ ಒಣಗಿದಂತಿರುವ ಮಬ್ಬು ಕದಲುವುದಿಲ್ಲ. ಕೊಂಡವರು ತಮ್ಮ ತೋಳಿನ ಬಲ ಸಾಲದೆಂದೋ ಪೇಸ್ಟ್ ಕಳಪೆಯೆಂದೋ ಭಾವಿಸಿ ಕೆಲಸವನ್ನು ಅರ್ಧಕ್ಕೇ ಬಿಡುತ್ತಾರೆ. ಆನೊಡೈಸ್ ಆದ ಮೇಲ್ಮೈಗೆ ಈ ಪೇಸ್ಟ್ ಹಿಡಿಯುವುದಿಲ್ಲ ಎಂಬ ಒಂದು ವಾಕ್ಯ ಅಚ್ಚು ಹಾಕಿಸಿದ್ದರೆ ತಯಾರಕರಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಟ್ಯೂಬಿನ ವಿನ್ಯಾಸ ಬದಲಾಗಿದೆ, ಆ ವಾಕ್ಯ ಮಾತ್ರ ಬಂದಿಲ್ಲ. ಇದನ್ನು ನಾನು ಸಣ್ಣ ಲೋಪವೆಂದು ಎಣಿಸುವುದಿಲ್ಲ.

ಆನೊಡೈಸಿಂಗ್ ಇದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಆಕ್ಸೈಡ್ ಪದರ ವಿದ್ಯುತ್ ಹಾಯಗೊಡುವುದಿಲ್ಲವಾದ್ದರಿಂದ, ಮೀಟರಿನ ಎರಡೂ ಕಡ್ಡಿಗಳನ್ನು ಮೇಲ್ಮೈಗೆ ಹಗುರವಾಗಿ, ಮೊನೆ ಚುಚ್ಚದಂತೆ ಓರೆಯಾಗಿ ತಾಗಿಸಿದಾಗ ಸಂಪರ್ಕ ತೋರಿಸದಿದ್ದರೆ ಪದರ ಇದೆ ಎಂದು ತಿಳಿಯಬಹುದು. ಮೀಟರ್ ಇಲ್ಲದವರು ಕ್ರ್ಯಾಂಕ್ ತೋಳಿನ ಹೊರಮೈಯನ್ನು ಗಮನಿಸಲಿ. ಸವಾರನ ಶೂ ಪ್ರತಿ ಸುತ್ತಿಗೂ ತಾಗುತ್ತಿದ್ದ ಕಡೆ ಪದರ ಸವೆದು ಬರಿಯ ಲೋಹ ಹೊರಬಂದಿರುತ್ತದೆ. ಅಲ್ಲಿ ಬಟ್ಟೆ ತಟ್ಟನೆ ಕಪ್ಪಾಗುತ್ತದೆ, ಅದರ ಪಕ್ಕದಲ್ಲೇ ಆಗುವುದಿಲ್ಲ. ಎರಡರ ನಡುವಿನ ಗಡಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುತ್ತದೆ.

ಪದರ ತೆಗೆಯಲು ಹಲವರು ಕಾಸ್ಟಿಕ್ ಸೋಡಾದ ದ್ರಾವಣವನ್ನೋ ಅದೇ ರಾಸಾಯನಿಕವಿರುವ ಓವನ್ ಕ್ಲೀನರನ್ನೋ ಬಳಸುತ್ತಾರೆ. ಅದು ಬೇಗ ಮುಗಿಯುವ ಕೆಲಸವೆಂಬುದು ನಿಜ. ಆದರೆ ಕಾಸ್ಟಿಕ್ ಸೋಡಾ ಆಕ್ಸೈಡ್ ಪದರವನ್ನು ಕರಗಿಸಿದ ಕೂಡಲೇ ಲೋಹವನ್ನೂ ತಿನ್ನತೊಡಗುತ್ತದೆ, ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ, ದ್ರಾವಣ ಬಿಸಿಯಾಗುತ್ತದೆ, ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೆ ಅಪಾಯ. ಮಾಡಲೇಬೇಕೆನ್ನುವವರು ಬಯಲಿನಲ್ಲಿ, ಕೈಗವಸು ಮತ್ತು ಪೂರ್ತಿ ಮುಚ್ಚುವ ಕನ್ನಡಕ ಧರಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾಡಬೇಕು. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ನಾನು ಈ ದಾರಿ ಹಿಡಿಯುವುದಿಲ್ಲ. ನನಗೆ ಅವಸರವಿಲ್ಲ, ಮನೆಯೊಳಗೆ ಮಾಡುವ ಕೆಲಸಕ್ಕೆ ಅಷ್ಟು ಅಪಾಯ ತಕ್ಕುದಲ್ಲ ಎಂಬುದು ನನ್ನ ನಿಲುವು.

ನನ್ನ ದಾರಿ ನೀರು ಹಚ್ಚಿ ಉಜ್ಜುವ ಉಪ್ಪುಕಾಗದ. ಕಾಗದದ ಸಂಖ್ಯೆ ಹೆಚ್ಚಿದಂತೆ ಅದರ ಹರಳು ನಯವಾಗುತ್ತದೆ. ಗೀರುಗಳು ಆಳವಾಗಿದ್ದರೆ 400ರಿಂದ, ಇಲ್ಲವಾದರೆ 600ರಿಂದ ಆರಂಭಿಸಿ, 800, 1000, 1500, 2000ದ ಕಾಗದಗಳವರೆಗೆ ಒಂದೊಂದಾಗಿ ಏರುತ್ತೇನೆ. ಬಟ್ಟಲಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಕಾಗದದ ಹರಳುಗಳ ನಡುವೆ ಲೋಹದ ಪುಡಿ ಕಟ್ಟಿಕೊಳ್ಳುವುದಿಲ್ಲ, ಒಣ ಪುಡಿ ಗಾಳಿಗೆ ಏಳುವುದೂ ಇಲ್ಲ. ಪ್ರತಿ ಕಾಗದದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಬೇಕು: ಒಂದರಲ್ಲಿ ತೋಳಿನ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಓರೆಯಾಗಿ. ಹಿಂದಿನ ಕಾಗದದ ಗೀರುಗಳು ಪೂರ್ತಿ ಮಾಯವಾದುದನ್ನು ಆಗ ಮಾತ್ರ ಖಚಿತಪಡಿಸಿಕೊಳ್ಳಬಹುದು. ಕೊನೆಯ ಕಾಗದವನ್ನು ಮಾತ್ರ ತೋಳಿನ ಉದ್ದಕ್ಕೇ ಎಳೆಯಬೇಕು, ಏಕೆಂದರೆ ತೋಳು ಬಾಗುವ ದಿಕ್ಕಿಗೆ ಅಡ್ಡವಾಗಿ ಉಳಿದ ಗೀರು ಬಿರುಕಿಗೆ ಬೀಜವಾಗಬಲ್ಲದು. ಯಾವುದಾದರೂ ಹಂತವನ್ನು ಹಾರಿಸಿದವರಿಗೆ ಪೇಸ್ಟ್ ಹಚ್ಚಿದ ಮೇಲೆ ಹೊಳಪಿನ ಆಳದಲ್ಲಿ 400ರ ಗೀರುಗಳು ಕೂದಲೆಳೆಗಳಾಗಿ ಕಾಣುತ್ತವೆ, ಆಗ ಪೇಸ್ಟಿನಿಂದ ಏನೂ ಆಗುವುದಿಲ್ಲ. ಕಂಪನಿಯ ಹೆಸರು ಕೊರೆದಿರುವ ಕಡೆ ಒರಟು ಕಾಗದವನ್ನು ಸೋಕಿಸಲೇಬಾರದು. ಆ ಕೊರೆತಗಳು ಬಹಳ ಮೇಲುಮೇಲಿನವು, ಅಳಿಸಿಹೋದರೆ ಮರಳಿ ಬರುವುದಿಲ್ಲ. ಕಬ್ಬಿಣದ ಉಣ್ಣೆಯನ್ನೂ ನಾನು ದೂರವಿಟ್ಟಿದ್ದೇನೆ, ಅದರ ಎಳೆಗಳ ಚೂರು ಲೋಹದಲ್ಲಿ ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ.

ಇಷ್ಟನ್ನೆಲ್ಲ ಕಾಗದವೇ ಮಾಡಿದ ಮೇಲೆ ಪೇಸ್ಟಿಗೆ ಉಳಿಯುವುದು ಕೊನೆಯ ಹಂತ ಮಾತ್ರ. ಹಾಗಾಗಿ ಒಂದು ಟ್ಯೂಬ್ ನನಗೆ ಬಹುಕಾಲ ಬರುತ್ತದೆ. ಖರ್ಚಿನಲ್ಲಿ ಹೆಚ್ಚಿನ ಪಾಲು ಕಾಗದಕ್ಕೇ ಹೋಗುತ್ತದೆಯೇ ಹೊರತು ಪೇಸ್ಟಿಗಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದವರು ಪೇಸ್ಟಿನ ಹೆಸರಿಗೆ ಹಣ ಸುರಿಯುವ ಬದಲು ಒಳ್ಳೆಯ ಕಾಗದ ಕೊಳ್ಳುವುದು ಮೇಲು.

ಹೀಗೆ ಹೇಳಿದರೂ ಈ ಪೇಸ್ಟನ್ನು ನಾನು ಬಿಡದಿರುವುದಕ್ಕೆ ಬೇರೆಯೇ ಕಾರಣವಿದೆ. ಅದು ಬಿರುಕನ್ನು ತೋರಿಸಿಕೊಡುತ್ತದೆ. ಉಕ್ಕಿಗೆ ಒಂದು ಮಿತಿಯೊಳಗಿನ ಭಾರವನ್ನು ಎಷ್ಟು ಬಾರಿ ಹಾಕಿದರೂ ದಣಿವಾಗದು ಎನ್ನಬಹುದಾದ ಹಂತವಿದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ, ಸಣ್ಣ ಭಾರವೂ ಸಾಕಷ್ಟು ಬಾರಿ ಬಿದ್ದರೆ ಬಿರುಕು ಹುಟ್ಟಬಹುದು. ದಶಕಗಳ ಕಾಲ ತುಳಿಸಿಕೊಂಡ ಕ್ರ್ಯಾಂಕ್‌ನಲ್ಲಿ ಎರಡು ಜಾಗಗಳನ್ನು ನಾನು ತಪ್ಪದೆ ನೋಡುತ್ತೇನೆ. ಒಂದು, ಪೆಡಲ್ ಕೂರುವ ತೂತಿನ ಸುತ್ತ. ಇನ್ನೊಂದು, ಬಲಗಡೆಯ ತೋಳಿಗೆ ಚೈನ್‌ರಿಂಗನ್ನು (ಚೈನ್ ಸುತ್ತುವ ಹಲ್ಲುಚಕ್ರ) ಹಿಡಿಯುವ ಐದು ಬೆರಳುಗಳು ಕೂಡುವ ಕಡೆ. ನ್ಯೂವೊ ರೆಕಾರ್ಡ್ ಕ್ರ್ಯಾಂಕ್‌ಗಳಲ್ಲಿ ತೋಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಇರುವ ಕಿರಿದಾದ ಮೂಲೆಯಲ್ಲಿ ಬಿರುಕು ಬರುವುದು ಹಳೆಯ ಸೈಕಲ್ ಪ್ರಿಯರಿಗೆಲ್ಲ ಗೊತ್ತಿರುವ ವಿಷಯ.

ಪೇಸ್ಟ್ ಹಚ್ಚಿ ಉಜ್ಜಿದಾಗ ಆ ಕಪ್ಪು ದ್ರವ ಬಿರುಕಿನೊಳಗೂ ಇಳಿಯುತ್ತದೆ. ಮೇಲ್ಮೈಯನ್ನು ಶುಭ್ರವಾಗಿ ಒರೆಸಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ, ಒಳಗೆ ಉಳಿದ ಎಣ್ಣೆ ನಿಧಾನವಾಗಿ ಹೊರಬಂದು ಕನ್ನಡಿಯಂಥ ಲೋಹದ ಮೇಲೆ ಸೂಜಿಯಿಂದ ಎಳೆದಷ್ಟು ತೆಳ್ಳನೆಯ ಕಪ್ಪು ಗೆರೆಯೊಂದು ಮೂಡುತ್ತದೆ. ಗೀರಾದರೆ ಒರೆಸಿದಾಗ ಹೋಗಿಬಿಡುತ್ತದೆ. ಬಿರುಕಾದರೆ ಒರೆಸಿದ ಮೇಲೆ ಅದೇ ಜಾಗದಲ್ಲಿ, ಅದೇ ವಕ್ರತೆಯಲ್ಲಿ ಮತ್ತೆ ಬರುತ್ತದೆ. ಕಾರ್ಖಾನೆಗಳಲ್ಲಿ ಬಣ್ಣದ ದ್ರವ ಇಳಿಸಿ ಬಿರುಕು ಹುಡುಕುವ ಪರೀಕ್ಷೆ ನಿಂತಿರುವುದೂ ಇದೇ ತತ್ತ್ವದ ಮೇಲೆ. ಪೇಸ್ಟ್ ಆ ಪರೀಕ್ಷೆಗೆ ಸಾಟಿಯಲ್ಲ, ಗೆರೆ ಮೂಡದ ಮಾತ್ರಕ್ಕೆ ಭಾಗ ನಿರ್ದೋಷಿ ಎಂದೂ ಹೇಳಲಾಗದು. ಆದರೆ ಮೂಡಿದ ಗೆರೆಯನ್ನು ನಂಬಲೇಬೇಕು. ಪೆಡಲ್ ತೂತಿನ ಅಂಚಿನಿಂದ ಹೊರಟ ಅಂಥ ಗೆರೆಯನ್ನು ನಾನು ಕಂಡಿದ್ದೇನೆ. ಮಬ್ಬು ಕವಿದಿದ್ದಾಗ ಆ ಕ್ರ್ಯಾಂಕ್ ಯಾರ ಕಣ್ಣಿಗೂ ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಅದು ಈಗ ಕಪಾಟಿನಲ್ಲಿದೆ, ಸೈಕಲ್ಲಿಗೆ ಮರಳಲಿಲ್ಲ. ಎದ್ದು ತುಳಿಯುವಾಗ ತೋಳು ಮುರಿದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ. ಆ ಅಪಾಯವನ್ನು ತಪ್ಪಿಸಿದ ಪೇಸ್ಟಿನ ಮೇಲೆ ನನ್ನ ಸಿಟ್ಟು ಬಹುಮಟ್ಟಿಗೆ ಇಳಿದಿದೆ.

ಹೊಳಪು ಎಷ್ಟು ಕಾಲ ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಆನೊಡೈಸಿಂಗ್ ತೆಗೆದ ಮೇಲೆ ಲೋಹಕ್ಕೆ ಕವಚವಿಲ್ಲ. ಬೆವರು ತಾಗುವ ಸ್ಟೆಮ್ ಮತ್ತು ಬ್ರೇಕ್ ಲಿವರುಗಳು ಬೇಗ ಮಂಕಾಗುತ್ತವೆ, ಉಪ್ಪಿನಂಶವಿರುವ ಗಾಳಿಯಲ್ಲಿ ಎಲ್ಲವೂ ಮಂಕಾಗುತ್ತವೆ. ಪಾರದರ್ಶಕ ವಾರ್ನಿಷ್ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಕನ್ನಡಿಯಷ್ಟು ನಯವಾದ ಮೇಲ್ಮೈಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಂದು ಕಲ್ಲು ಸಿಡಿದು ಚಕ್ಕೆ ಎದ್ದರೆ ತೇವ ಅಲ್ಲಿಂದ ಅಡಿಗೆ ಹರಿದು ಬಿಳಿಯ ಜಾಲ ಕಟ್ಟುತ್ತದೆ. ಕಾರಿಗೆ ಹಚ್ಚುವ ಮೇಣವನ್ನು ತೆಳ್ಳಗೆ ಹಚ್ಚಿ, ಸವಾರಿಯ ನಂತರ ಒಣಬಟ್ಟೆಯಿಂದ ಒರೆಸಿಡುವುದು ನನ್ನ ರೂಢಿ. ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡುವಾಗ ಕ್ರ್ಯಾಂಕಿನ ಮೇಲೂ ಕೈಯಾಡಿಸುತ್ತೇನೆ, ಮಂಕು ಕಂಡ ಕಡೆ ಒಂದು ಚುಕ್ಕೆ ಪೇಸ್ಟ್. ಸೈಕಲ್ಲನ್ನು ಹೀಗೆ ನೋಡಿಕೊಳ್ಳಲು ವ್ಯವಧಾನವಿಲ್ಲದವರು ಆನೊಡೈಸಿಂಗ್ ಚೆನ್ನಾಗಿಯೇ ಇರುವ ಭಾಗದ ತಂಟೆಗೆ ಹೋಗದಿರುವುದು ಒಳ್ಳೆಯದು. ಸೋಪಿನ ನೀರು ಮತ್ತು ಮೇಣದಿಂದ ಅದು ಸಾಕಷ್ಟು ಚೆಂದವಾಗುತ್ತದೆ.

ಪೇಸ್ಟನ್ನು ಸೋಕಿಸಬಾರದ ಜಾಗಗಳೂ ಇವೆ. ರಿಮ್‌ನ ಮೇಲೆ ಬ್ರೇಕ್ ರಬ್ಬರ್ ಒತ್ತುವ ಪಟ್ಟಿ, ಸ್ಟೆಮ್ ಹ್ಯಾಂಡಲ್ ಬಾರನ್ನು ಹಿಡಿಯುವ ಒಳಮೈ, ಕ್ರ್ಯಾಂಕಿನ ಚೌಕ ತೂತು, ಹಬ್‌ನಲ್ಲಿ ಬಾಲ್ಸ್ ಓಡುವ ದಾರಿ. ಬ್ರೇಕಿನ ಪಟ್ಟಿಯಲ್ಲಿ ಎಣ್ಣೆಯಂಶ ಉಳಿದರೆ ಸೈಕಲ್ ನಿಲ್ಲುವುದಿಲ್ಲ. ಬಣ್ಣದ ಆನೊಡೈಸಿಂಗ್ ಇರುವ ಭಾಗಗಳನ್ನು ಹಾಗೆಯೇ ಬಿಡಬೇಕು. ಹ್ಯಾಂಡಲ್ ಬಾರ್ ತೆಳುಗೋಡೆಯ ಕೊಳವೆಯಾದ್ದರಿಂದ ಅದಕ್ಕೆ ಒರಟು ಕಾಗದ ಹಾಕುವುದು ಬೇಡ.

ಸಣ್ಣಪುಟ್ಟ ದೋಷಗಳನ್ನೂ ಹೇಳಿಬಿಡುತ್ತೇನೆ. ಒಣಗಿದ ಪೇಸ್ಟ್ ಕೊರೆದ ಅಕ್ಷರಗಳಲ್ಲೂ ಸ್ಪ್ರಿಂಗಿನ ಸಂದಿಯಲ್ಲೂ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ, ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ ಇಲ್ಲದೆ ಬರುವುದಿಲ್ಲ. ಟ್ಯೂಬನ್ನು ಬಹಳ ದಿನ ಮುಟ್ಟದಿದ್ದರೆ ಬಾಯಿಗೆ ಮೊದಲು ಬರಿಯ ಎಣ್ಣೆ ಬರುತ್ತದೆ, ಮುಚ್ಚಳ ತೆಗೆಯುವ ಮೊದಲು ಚೆನ್ನಾಗಿ ಹಿಸುಕಿ ಬೆರೆಸಿಕೊಳ್ಳಬೇಕು. ವಾಸನೆ ಗಾಢವಾಗಿದೆ, ಕಿಟಕಿ ತೆರೆದಿರಲಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮೊದಲ ಬಾರಿಗೆ ಕೊಳ್ಳುವವರು ಚಿಕ್ಕ ಟ್ಯೂಬನ್ನೇ ಕೊಳ್ಳಲಿ, ಅದರ ಜೊತೆಗೆ 600ರಿಂದ 2000ದವರೆಗಿನ ಉಪ್ಪುಕಾಗದಗಳನ್ನು ಎರಡೆರಡು ಹಾಳೆ ತರಲಿ, ಆರಂಭಕ್ಕೆ ಕ್ರ್ಯಾಂಕಿನ ಬದಲು ಸೀಟ್ ಪೋಸ್ಟಿನ ಹೊರಗೆ ಕಾಣುವ ಭಾಗವನ್ನು ಆರಿಸಿಕೊಳ್ಳಲಿ. ಅದು ದುಂಡಗಿರುತ್ತದೆ, ಮೂಲೆಗಳಿಲ್ಲ, ಒಂದೇ ಸಲ ಕೂತು ಮುಗಿಸಬಹುದು.